ಬಿಸಿ ನೆಲ: ಕಾಣದ ಕಡೆಗೇ ಕಾಸು ಹಾಕಿ

ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಚಳಿದೇಶಗಳಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ವಿಡಿಯೊ ಕಾಲ್‌ನಲ್ಲಿ ಅಡಿಪಾಯ ತೋರಿಸುವಾಗ ಕಬ್ಬಿಣದ ಜಾಲರಿಯ ಮೇಲೆ ಚಕ್ಕುಲಿ ಸುತ್ತಿಟ್ಟ ಹಾಗೆ ಪ್ಲಾಸ್ಟಿಕ್ ಪೈಪು ಕಾಣುತ್ತದೆ. "ಇದೆಂತದು ಮಾರಾಯ, ತೋಟಕ್ಕೆ ನೀರು ಬಿಟ್ಟ ಹಾಗೆ?" ಎಂದು ಇತ್ತಕಡೆಯವರು ಕೇಳುತ್ತಾರೆ. ನೆಲದೊಳಗಿನ ಪೈಪಿನಲ್ಲಿ ಬೆಚ್ಚಗಿನ ನೀರು ಹರಿಸಿ ಮನೆಯನ್ನು ಬಿಸಿ ಮಾಡುವ ವ್ಯವಸ್ಥೆ ಅದು, ಬಿಸಿ ನೆಲ. ಅತ್ತಕಡೆಯವರಿಗೂ ಪೂರ್ತಿ ಗೊತ್ತಿರುವುದಿಲ್ಲ. ಬಿಲ್ಡರ್ ಕೊಟ್ಟ ಪಟ್ಟಿಯಲ್ಲಿ ಒಂದು ಸಾಲು, ಅದರ ಮುಂದೊಂದು ದೊಡ್ಡ ಮೊತ್ತ, ಅಷ್ಟೆ. ಆ ಸಾಲಿಗೆ ಸಹಿ ಹಾಕುವ ಮೊದಲು ಓದಬೇಕಾದ ವಿಮರ್ಶೆ ಇದು. ರಜೆಗೆ ಬಂದವರು "ಊರಿನ ಹೊಸ ಮನೆಗೂ ಹಾಕಿಸಿಬಿಡೋಣವೇ?" ಎಂದು ಕೇಳುವುದೂ ಉಂಟು. ಆ ಪ್ರಶ್ನೆಗೂ ಮುಂದೆ ಉತ್ತರವಿದೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆನಡಾ, ನಾರ್ವೆ, ಅಮೆರಿಕದ ಮಿನೆಸೋಟಾದಂಥ ಕಡೆ, ವರ್ಷದಲ್ಲಿ ಐದಾರು ತಿಂಗಳು ಮನೆಯನ್ನು ಬಿಸಿ ಮಾಡಲೇಬೇಕಾದ ಊರಿನಲ್ಲಿ ಹೊಸದಾಗಿ ಕಟ್ಟುವ ಮನೆಗೆ ನೀರಿನ ಪೈಪಿನ ಬಿಸಿ ನೆಲಕ್ಕೆ ಐದರಲ್ಲಿ ನಾಲ್ಕೂವರೆ. ಕಟ್ಟಿ ಮುಗಿದ ಮನೆಯ ನೆಲ ಒಡೆದು ಹಾಕಿಸುವುದಾದರೆ ಎರಡು. ಶಿರಸಿಯ ಮನೆಗೆ ಸೊನ್ನೆ.

ಕೊಳ್ಳುವವರಿಗೆ ಆಗುವ ಮೊದಲ ನಿರಾಸೆ ಹೆಸರಿನಿಂದಲೇ ಹುಟ್ಟುತ್ತದೆ. ಬಿಸಿ ನೆಲ ಎಂದಾಗ ಬಚ್ಚಲ ಒಲೆಯ ಕಟ್ಟೆಯ ಮೇಲೆ ಕೂತಂಥ ಬಿಸಿ ಮನಸ್ಸಿಗೆ ಬರುತ್ತದೆ. ಹಾಗಿರುವುದಿಲ್ಲ. ನೆಲದೊಳಗೆ ಓಡುವುದು 30ರಿಂದ 40 ಡಿಗ್ರಿಯ ನೀರು; ಸ್ನಾನಕ್ಕೆ ಹದ ಮಾಡಿಕೊಂಡ ನೀರಿಗಿಂತ ತಣ್ಣಗಿನದು. ಯುರೋಪಿನ ಇಎನ್ 1264 ಮಾನದಂಡದ ಪ್ರಕಾರ ಜನ ಓಡಾಡುವ ಜಾಗದ ನೆಲದ ಮೇಲ್ಮೈ 29 ಡಿಗ್ರಿ ದಾಟಬಾರದು. ಬಚ್ಚಲಿಗೆ 33, ಕಿಟಕಿಯ ಪಕ್ಕದ ಅಂಚಿಗೆ 35. ಕೋಣೆ 20 ಡಿಗ್ರಿ, ನೆಲ 29 ಡಿಗ್ರಿ ಇದ್ದಾಗ ಒಂದು ಚದರ ಮೀಟರಿನಿಂದ ಸುಮಾರು 100 ವ್ಯಾಟ್ ಶಾಖ ಏಳುತ್ತದೆ. ಚೆನ್ನಾಗಿ ಇನ್ಸುಲೇಶನ್ ಮಾಡಿದ ಹೊಸ ಮನೆಗೆ ಕಡುಚಳಿಯ ದಿನವೂ ಅದರ ಅರ್ಧ, 50 ವ್ಯಾಟ್, ಸಾಕಾಗುತ್ತದೆ. ಅಷ್ಟಕ್ಕೆ ನೆಲ 25 ಡಿಗ್ರಿಯ ಹತ್ತಿರ ಇದ್ದರೆ ಆಯಿತು. ಅಂಗಾಲಿನ ಚರ್ಮವೇ ಅದಕ್ಕಿಂತ ಬೆಚ್ಚಗಿರುವುದರಿಂದ ಮುಟ್ಟಿದರೆ ಬಿಸಿ ಅನ್ನಿಸುವುದಿಲ್ಲ. ತಣ್ಣಗೂ ಅನ್ನಿಸುವುದಿಲ್ಲ. ಮನೆ ಎಷ್ಟು ಚೆನ್ನಾಗಿ ಕಟ್ಟಿದೆಯೋ ನೆಲ ಅಷ್ಟು ಕಡಿಮೆ ಬಿಸಿ. "ಇಷ್ಟು ದುಡ್ಡು ಸುರಿದೆವು, ಕಾಲಿಗೆ ಏನೂ ಗೊತ್ತಾಗುವುದಿಲ್ಲ" ಎಂದು ದೂರುವವರ ಮನೆಯಲ್ಲಿ ವ್ಯವಸ್ಥೆ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ. ನೆಲದ ಮೇಲೆ ಚಾಪೆ ಹಾಸಿ ಕೂರುವ, ಪಂಕ್ತಿ ಹಾಕಿ ಉಣ್ಣುವ ಅಭ್ಯಾಸದವರಿಗೆ ಇದರ ಸುಖ ಬೇಗ ತಿಳಿಯುತ್ತದೆ. ಕೊರಿಯಾದವರು ಶತಮಾನಗಳಿಂದ ನೆಲದಡಿ ಬಿಸಿ ಹಾಯಿಸಿ ಅದರ ಮೇಲೆಯೇ ಕೂತು ಮಲಗಿದವರು, ಅವರ ಓಂಡೋಲ್ ಇದರ ಹಿರಿಯಣ್ಣ.

ಇನ್ನು ಅಸಲು ವಿಷಯ. ಈ ವ್ಯವಸ್ಥೆಯಲ್ಲಿ ಗೋಡೆಯ ಮೇಲೆ ಮಿನುಗುವ ಥರ್ಮೊಸ್ಟಾಟ್, ಮೊಬೈಲಿನ ಆ್ಯಪ್, ಪೈಪಿನ ಸುತ್ತುಗಳಿಗೆ ನೀರು ಹಂಚಿ ಮರಳಿ ಪಡೆಯುವ ಹೊಳೆಯುವ ಸ್ಟೀಲ್ ಮ್ಯಾನಿಫೋಲ್ಡ್ ಎಲ್ಲವನ್ನೂ ನಾಳೆ ಬದಲಾಯಿಸಬಹುದು. ಕಾಂಕ್ರೀಟಿನ ಕೆಳಗೆ ಹೋದದ್ದನ್ನು ಬದಲಾಯಿಸಲು ಬರುವುದಿಲ್ಲ. ಆದರೆ ಬಿಲ್ಡರುಗಳು ಉಳಿತಾಯ ಮಾಡುವುದು ಸರಿಯಾಗಿ ಅಲ್ಲೇ, ಯಾಕೆಂದರೆ ಅದು ಕಾಣುವುದಿಲ್ಲ.

ಪೈಪಿನ ಕೆಳಗೆ ಇರಬೇಕಾದ್ದು ಶಾಖ ತಡೆಯುವ ಗಟ್ಟಿ ಫೋಮಿನ ಎಕ್ಸ್‌ಪಿಎಸ್ ಹಲಗೆ, ಅಥವಾ ಭಾರ ತಾಳುವ ದರ್ಜೆಯ ಇಪಿಎಸ್. ಇಪಿಎಸ್ ಎಂದರೆ ನಾವು ಥರ್ಮೊಕೋಲ್ ಎನ್ನುವುದೇ, ಆದರೆ ಟೀವಿ ಪೆಟ್ಟಿಗೆಯೊಳಗೆ ಬರುವ ಪುಡಿಪುಡಿ ಥರ್ಮೊಕೋಲ್ ಅಲ್ಲ. 100 ಕಿಲೊಪಾಸ್ಕಲ್ ಒತ್ತಡ ತಡೆಯುವ ಗಟ್ಟಿ ಹಲಗೆ. 50 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ ಶಾಖಕ್ಕೆ ಒಡ್ಡುವ ತಡೆ ಅಮೆರಿಕದ ಲೆಕ್ಕದಲ್ಲಿ ಆರ್-10, ಮೆಟ್ರಿಕ್ ಲೆಕ್ಕದಲ್ಲಿ ಸುಮಾರು ಒಂದೂ ಮುಕ್ಕಾಲು. ನೆಲದ ಕಾಂಕ್ರೀಟು 30 ಡಿಗ್ರಿ, ಕೆಳಗಿನ ಮಣ್ಣು 8 ಡಿಗ್ರಿ ಎಂದಿಟ್ಟುಕೊಳ್ಳಿ. ಮಣ್ಣು ತಾನೇ ಒಡ್ಡುವ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 50 ಮಿಲಿಮೀಟರ್ ಹಲಗೆಯ ಮೂಲಕ ಚದರ ಮೀಟರಿಗೆ ಹೆಚ್ಚೆಂದರೆ ಹನ್ನೆರಡೂವರೆ ವ್ಯಾಟ್ ಕೆಳಗಿಳಿಯುತ್ತದೆ; 100 ಮಿಲಿಮೀಟರ್ ಹಾಕಿದರೆ ಆರೂಕಾಲು. ಮೇಲಕ್ಕೆ ಬೇಕಾದ್ದೇ 50 ವ್ಯಾಟ್ ಇರುವಾಗ ಈ ವ್ಯತ್ಯಾಸ ಚಿಲ್ಲರೆಯಲ್ಲ, ಪ್ರತಿ ಚಳಿಗಾಲವೂ ಬಿಲ್ಲಿನಲ್ಲಿ ಕಾಣುವಂಥದ್ದು. ಮಣ್ಣಿನ ಮೇಲೆ ನೇರವಾಗಿ ಕೂರುವ ನೆಲಕ್ಕೆ 50 ಕನಿಷ್ಠ. ನಿಜವಾದ ಚಳಿಯೂರಿನಲ್ಲಿ 75ರಿಂದ 100 ಹಾಕಿಸಿ. ಥರ್ಮೊಸ್ಟಾಟ್ ಅಗ್ಗದ್ದಾಗಲಿ, ಪರವಾಗಿಲ್ಲ.

ಇದಕ್ಕಿಂತ ಹೆಚ್ಚು ಮರೆತುಹೋಗುವುದು ಅಂಚು. ಕಾಂಕ್ರೀಟ್ ಹಾಸಿನ ನಾಲ್ಕು ಬದಿ ಹೊರಗಿನ ಹಿಮಕ್ಕೆ ಹತ್ತಿರ ಇರುತ್ತವೆ. ಕೆಳಗೆ ಹಲಗೆ ಹಾಸಿ, ಬದಿಯನ್ನು ಬರಿದಾಗಿ ಬಿಟ್ಟರೆ ಶಾಖ ಅಡ್ಡ ಹರಿದು ಅಡಿಪಾಯದ ಗೋಡೆಯ ಮೂಲಕ ಹೊರಗೆ ಹೋಗುತ್ತದೆ. ಅಂಥ ಮನೆಯ ಸುತ್ತ ಗೋಡೆಬುಡದಲ್ಲಿ ಮಾತ್ರ ಒಂದು ಪಟ್ಟಿ ಹಿಮ ಕರಗಿರುತ್ತದೆ. ಯಾರೂ ಉಪಕರಣ ತಂದು ಅಳೆಯಬೇಕಿಲ್ಲ, ದೂರದಿಂದಲೇ ಗೊತ್ತಾಗುತ್ತದೆ. ಅಂಚಿಗೆ ನಿಲ್ಲಿಸಿದ ಹಲಗೆ ಕಾಂಕ್ರೀಟಿನ ಮೇಲ್ಮಟ್ಟದವರೆಗೂ ಬಂದಿದೆಯೇ ಎಂದು ಫೋಟೊ ತರಿಸಿ ನೋಡಿ.

ಒಂದು ಸರಕಿನ ಬಗ್ಗೆ ಖಡಾಖಂಡಿತ ಎಚ್ಚರಿಕೆ: ಬೆಳ್ಳಿ ಬಣ್ಣದ, ಗಾಳಿಗುಳ್ಳೆ ತುಂಬಿದ ಸುರುಳಿ ಹಾಳೆ. "ಇದು ಶಾಖವನ್ನು ಕನ್ನಡಿಯ ಹಾಗೆ ಮೇಲಕ್ಕೆ ಹೊಡೆಯುತ್ತದೆ, ದಪ್ಪ ಹಲಗೆ ಬೇಡ" ಎಂದು ಮಾರುತ್ತಾರೆ. ಹೊಳಪು ಕೆಲಸ ಮಾಡಬೇಕಾದರೆ ಅದರ ಎದುರಿಗೆ ಗಾಳಿಯ ತೆರಪು ಬೇಕು. ಮೇಲೆ ಕಾಂಕ್ರೀಟು, ಕೆಳಗೆ ಮಣ್ಣು ಒತ್ತಿ ಕೂತ ಮೇಲೆ ತೆರಪು ಎಲ್ಲಿಯದು? ಉಳಿಯುವುದು ಕೆಲವೇ ಮಿಲಿಮೀಟರ್ ಪ್ಲಾಸ್ಟಿಕ್ಕಿನ ತಡೆ. ಇದಕ್ಕೆ ಒಂದು ಅಂಕವೂ ಇಲ್ಲ. ಇನ್ಸುಲೇಶನ್ ಹಲಗೆಯ ಜೊತೆ ಹಾಸುವ ಸಾದಾ ಪಾಲಿಥೀನ್ ಹಾಳೆ ಬೇರೆ. ಅದು ನೆಲದ ತೇವ ತಡೆಯಲು ಬೇಕೇ ಬೇಕು, ಕೆನಡಾದಂಥ ಕಡೆ ಮಣ್ಣಿನಿಂದ ಏಳುವ ವಿಕಿರಣಶೀಲ ರೇಡಾನ್ ಅನಿಲಕ್ಕೂ ಅದೇ ಅಡ್ಡಗಟ್ಟು. ಕೂಡುಗಳಿಗೆ ಟೇಪು ಹಚ್ಚಿರಬೇಕು.

ಪೈಪಿನ ವಿಷಯಕ್ಕೆ ಬಂದರೆ, ಈ ಕೆಲಸಕ್ಕೆ ಬಳಸುವುದು ಪೆಕ್ಸ್, ಅಂದರೆ ಅಣುಗಳನ್ನು ಅಡ್ಡ ಹೆಣೆದು ಗಟ್ಟಿ ಮಾಡಿದ ಪಾಲಿಥೀನ್. 1970ರ ದಶಕದಲ್ಲಿ ಸ್ವೀಡನ್ನಿನ ವಿರ್ಸ್‌ಬೊ ಇದನ್ನು ಮಾರುಕಟ್ಟೆಗೆ ತಂದಿತು. ಆ ಕಂಪನಿ ಮುಂದೆ ಉಪೊನೋರ್ ಕಂಪನಿಯ ಭಾಗವಾಯಿತು. ಉಪೊನೋರ್, ರೆಹಾವ್ ಇವರು ಮಾಡುವುದು ಪೆಕ್ಸ್-ಎ. ಹಾಕುವಾಗ ಪೈಪು ಮಡಚಿ ಗೆರೆ ಬಿದ್ದರೆ ಬಿಸಿಗಾಳಿ ಗನ್ ಹಿಡಿದು ಕಾಯಿಸಿದರೆ ಪೆಕ್ಸ್-ಎ ಮೊದಲಿನ ಆಕಾರಕ್ಕೆ ಮರಳುತ್ತದೆ. ಇನ್ನೊಂದು ಬಗೆಯಾದ ಪೆಕ್ಸ್-ಬಿ ಮರಳುವುದಿಲ್ಲ, ಆ ತುಂಡನ್ನು ಕತ್ತರಿಸಬೇಕು. ಕಾಂಕ್ರೀಟಿನೊಳಗೆ ಜೋಡಣೆ ಇರಲೇಬಾರದು ಎಂಬುದು ಈ ಕೆಲಸದ ಮೊದಲ ನಿಯಮವಾದ್ದರಿಂದ, ಕತ್ತರಿಸಿದರೆ ಇಡೀ ಸುತ್ತನ್ನೇ ಹೊಸದಾಗಿ ಹಾಕಬೇಕು. ಬೆಲೆಯ ವ್ಯತ್ಯಾಸ ಇಲ್ಲಿ ತೀರುತ್ತದೆ. ಇನ್ನೊಂದು, ಪೈಪಿನ ಮೇಲೆ ಆಮ್ಲಜನಕ ತಡೆಯುವ ಪದರ ಇದೆಯೇ ಎಂದು ಅಚ್ಚಾದ ಅಕ್ಷರ ಓದಿ. ಕುಡಿಯುವ ನೀರಿಗೆಂದು ಮಾಡಿದ ಪೆಕ್ಸ್‌ನಲ್ಲಿ ಈ ಪದರ ಇರುವುದಿಲ್ಲ. ನೋಟಕ್ಕೆ ಎರಡೂ ಒಂದೇ, ಅದು ಅಗ್ಗ. ಪದರವಿಲ್ಲದಿದ್ದರೆ ಪ್ಲಾಸ್ಟಿಕ್ಕಿನ ಗೋಡೆಯ ಮೂಲಕವೇ ಆಮ್ಲಜನಕ ನೀರಿಗೆ ಸೇರಿ, ಎರಕದ ಕಬ್ಬಿಣದ ಪಂಪು, ಬಾಯ್ಲರಿನ ಉಕ್ಕು ತುಕ್ಕು ಹಿಡಿದು, ಕೆಲವು ವರ್ಷಗಳಲ್ಲಿ ನೀರು ಕರಿ ರಾಡಿಯಾಗುತ್ತದೆ.

ಸುತ್ತಿನ ಉದ್ದದ ಲೆಕ್ಕ ತೋಟಗಾರರಿಗೆ ಹೊಸದಲ್ಲ. ಒಂದೇ ಲ್ಯಾಟರಲ್ ಪೈಪನ್ನು ತೋಟದ ಆ ತುದಿವರೆಗೆ ಎಳೆದರೆ ಕೊನೆಯ ಅಡಿಕೆ ಮರಕ್ಕೆ ನೀರೇ ಮುಟ್ಟುವುದಿಲ್ಲ. ಅದಕ್ಕೇ ಸಾಲು ಒಡೆದು ವಾಲ್ವ್ ಇಡುತ್ತಾರೆ. ಇಲ್ಲೂ ಹಾಗೆಯೇ. ಹೊರಮೈ 16, ಒಳಮೈ 12 ಮಿಲಿಮೀಟರಿನ ಪೈಪಿಗೆ ಒಂದು ಸುತ್ತು 100 ಮೀಟರ್ ದಾಟಬಾರದು. 24 ಚದರ ಮೀಟರಿನ ಜಗಲಿಯಷ್ಟು ದೊಡ್ಡ ಕೋಣೆ ಎನ್ನಿ. ಸಾಲಿಂದ ಸಾಲಿಗೆ 150 ಮಿಲಿಮೀಟರ್ ಅಂತರ ಇಟ್ಟರೆ 24 ಭಾಗಿಸು 0.15, ಅಂದರೆ 160 ಮೀಟರ್ ಪೈಪು. ಎರಡು ಸುತ್ತು ಮಾಡಿ ತಲಾ 80. ಮ್ಯಾನಿಫೋಲ್ಡಿನಿಂದ ಕೋಣೆಗೆ ಹೋಗಿ ಬರಲು ತಲಾ 12 ಸೇರಿಸಿ 92. ಸರಿಹೋಯಿತು. ಚದರ ಮೀಟರಿಗೆ 50 ವ್ಯಾಟ್, ಕೆಳಗೆ ಸೋರುವುದಕ್ಕೆ ಹತ್ತು ಪ್ರತಿಶತ ಸೇರಿಸಿದರೆ ಈ ಕೋಣೆಗೆ 1,320 ವ್ಯಾಟ್; ಹೋಗುವ ಮತ್ತು ಮರಳುವ ನೀರಿನ ನಡುವೆ 5 ಡಿಗ್ರಿ ವ್ಯತ್ಯಾಸ ಇಟ್ಟುಕೊಂಡರೆ ಒಂದೊಂದು ಸುತ್ತಿಗೆ ನಿಮಿಷಕ್ಕೆ 1.9 ಲೀಟರ್ ನೀರು. ಇಷ್ಟು ಹರಿಯಲು ಪಂಪು ಎತ್ತಬೇಕಾದ ಒತ್ತಡ ಒಂದು ಮೀಟರ್ ನೀರಿನ ಎತ್ತರಕ್ಕಿಂತ ತುಸು ಹೆಚ್ಚು. ವಾಲ್ವ್, ಮ್ಯಾನಿಫೋಲ್ಡ್ ಸೇರಿ ಎರಡು ಮೀಟರ್ ಹಿಡಿಯಿರಿ. ಇದನ್ನೇ ಸೋಮಾರಿತನಕ್ಕೆ ಒಂದೇ 172 ಮೀಟರಿನ ಸುತ್ತು ಮಾಡಿದರೆ? ಹರಿವು ಎರಡರಷ್ಟು, ಉದ್ದ ಸುಮಾರು ಎರಡರಷ್ಟು. ಬೇಕಾಗುವ ಒತ್ತಡ ಏಳು ಮೀಟರ್ ದಾಟುತ್ತದೆ. ಮನೆಗೆ ಹಾಕುವ ಚಿಕ್ಕ ಸರ್ಕ್ಯುಲೇಟರ್ ಪಂಪಿನ ತಾಕತ್ತು ಸಾಮಾನ್ಯವಾಗಿ ಆರು ಮೀಟರಿಗೆ ಮುಗಿಯುತ್ತದೆ. ಆಗ ಕೋಣೆ ಬೆಚ್ಚಗಾಗುವುದಿಲ್ಲ, ಪ್ಲಂಬರ್ ಬಂದು ನೀರಿನ ಬಿಸಿ ಏರಿಸುತ್ತಾನೆ, ಬಿಲ್ಲು ಏರುತ್ತದೆ. ಬಿಲ್ಡರ್ ಕೊಡುವ ನಕ್ಷೆಯಲ್ಲಿ ಪ್ರತಿ ಸುತ್ತಿನ ಉದ್ದ ಬರೆದಿರಬೇಕು. ಬರೆದಿಲ್ಲದ ನಕ್ಷೆ ನಕ್ಷೆಯಲ್ಲ, ಚಿತ್ರ.

ಸುತ್ತುವ ಬಗೆಯಲ್ಲಿ ಎರಡು. ಗದ್ದೆ ಉಳುವ ಹಾಗೆ ಹೋಗಿ ಬಂದು ಹೋಗಿ ಬಂದು ಸಾಲು ಹಾಕುವುದು ಒಂದು. ಚಕ್ಕುಲಿಯ ಹಾಗೆ ಹೊರಗಿನಿಂದ ನಡುವಿಗೆ ಸುತ್ತಿ, ಅದೇ ತೆರಪಿನಲ್ಲಿ ಹೊರಗೆ ಮರಳುವುದು ಇನ್ನೊಂದು. ಚಕ್ಕುಲಿಯದೇ ಮೇಲು. ಬಿಸಿ ಸಾಲಿನ ಪಕ್ಕದಲ್ಲೇ ತಣಿದು ಮರಳುವ ಸಾಲು ಇರುವುದರಿಂದ ಕೋಣೆಯ ಎಲ್ಲ ಕಡೆ ಒಂದೇ ಹದ. ಉಳುಮೆ ಸಾಲಿನಲ್ಲಿ ಕೋಣೆಯ ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ಸಪ್ಪೆ. ಜೊತೆಗೆ 16ರ ಪೈಪು 80 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಲು ಒಪ್ಪುವುದಿಲ್ಲ. 100 ಮಿಲಿಮೀಟರ್ ಅಂತರದಲ್ಲಿ ಯು-ತಿರುವು ತೆಗೆಯಲು ಹೋದವರಿಗೇ ಪೈಪು ಮಡಚುವುದು. ಉದ್ದ ಕಿರಿದಾದ ಹಾಲಿಗೆ, ಒಂದೇ ಹೊರಗೋಡೆಯ ಕೋಣೆಗೆ ಉಳುಮೆ ಸಾಲು ನಡೆಯುತ್ತದೆ, ಬಿಸಿ ನೀರು ಮೊದಲು ಹೊರಗೋಡೆಯ ಕಡೆಗೆ ಹೋಗುವ ಹಾಗೆ ನೋಡಿಕೊಂಡರೆ.

ಕಾಂಕ್ರೀಟ್ ಸುರಿಯುವ ದಿನ ಮನೆಯವರು ಅಲ್ಲಿರಬೇಕು, ಅಥವಾ ನಂಬುವ ಒಬ್ಬರನ್ನು ನಿಲ್ಲಿಸಬೇಕು. ಅದಕ್ಕೆ ಮೊದಲು ಎಲ್ಲ ಸುತ್ತುಗಳಿಗೆ 4ರಿಂದ 6 ಬಾರ್ ಒತ್ತಡ ತುಂಬಿ ಗೇಜು ನೋಡಬೇಕು. ಮೊದಲ ಅರ್ಧ ಗಂಟೆ ಮುಳ್ಳು ಸ್ವಲ್ಪ ಇಳಿಯುತ್ತದೆ. ಪ್ಲಾಸ್ಟಿಕ್ ಹಿಗ್ಗುವುದರಿಂದ ಹಾಗಾಗುತ್ತದೆ, ಸೋರಿಕೆಯಲ್ಲ. ಮತ್ತೆ ತುಂಬಿ ಇಡಬೇಕು. ಸುರಿಯುವಾಗಲೂ ಒತ್ತಡ ಹಾಗೆಯೇ ಇರಲಿ. ಯಾರೋ ಸಲಿಕೆ ಊರಿದರೆ, ತಳ್ಳುಗಾಡಿಯ ಚಕ್ರ ಹತ್ತಿಸಿದರೆ ಗೇಜು ಆ ಕ್ಷಣವೇ ಹೇಳುತ್ತದೆ. ಕಾಂಕ್ರೀಟು ಹಸಿ ಇರುವಾಗ ತಿಳಿದರೆ ಸರಿಪಡಿಸುವುದು ಸುಲಭ, ಗಟ್ಟಿಯಾದ ಮೇಲೆ ತಿಳಿದರೆ ಗೋಳು. ಚಳಿಗಾಲದಲ್ಲಿ ಕಟ್ಟುವುದಾದರೆ ಪರೀಕ್ಷೆಗೆ ನೀರು ತುಂಬಿ ಬಿಟ್ಟು ಹೋಗಬಾರದು. ರಾತ್ರಿ ಹೆಪ್ಪುಗಟ್ಟಿ ಪೈಪು ಸೀಳುತ್ತದೆ. ಗಾಳಿಯಿಂದ ಪರೀಕ್ಷೆ ಮಾಡಿಸಿ. ಸುರಿಯುವ ಮೊದಲು ನೆಲದ ಮೇಲೆ ಅಳತೆಪಟ್ಟಿ ಬಿಡಿಸಿಟ್ಟು, ಗೋಡೆಯೂ ಕಾಣುವ ಹಾಗೆ ಪ್ರತಿ ಕೋಣೆಯ ಫೋಟೊ ತೆಗೆಸಿ. ಹತ್ತು ವರ್ಷದ ಮೇಲೆ ಬಾಗಿಲಿಗೆ ಸ್ಟಾಪರ್ ಕೂರಿಸಲು ಡ್ರಿಲ್ ಹಿಡಿದವನಿಗೆ ಬೇಕಾಗುವುದು ಆ ಫೋಟೊ.

ಪೈಪಿನ ಮೇಲೆ 45 ಮಿಲಿಮೀಟರ್ ಸಿಮೆಂಟ್ ಸ್ಕ್ರೀಡ್, ಅಂದರೆ ಸಿಮೆಂಟು-ಮರಳಿನ ಹೊದಿಕೆ, ಬರಬೇಕು, ಪೈಪು ಸೇರಿ ಒಟ್ಟು 65ರ ಆಸುಪಾಸು. ಗೋಡೆಯ ಬುಡದುದ್ದಕ್ಕೂ ಫೋಮಿನ ಅಂಚುಪಟ್ಟಿ. ಸುಮಾರು 40 ಚದರ ಮೀಟರಿಗೊಂದು, ಅಥವಾ 8 ಮೀಟರ್ ಉದ್ದಕ್ಕೊಂದು ಹಿಗ್ಗುವ ಸಂದು; ಬಾಗಿಲಿನಲ್ಲೂ ಒಂದು. ಸಂದು ದಾಟುವ ಪೈಪಿಗೆ 30 ಸೆಂಟಿಮೀಟರ್ ಉದ್ದದ ಹೊರಕೊಳವೆ ತೊಡಿಸಬೇಕು. ಆಮೇಲೆ ತಾಳ್ಮೆ. ಸಿಮೆಂಟ್ ಸ್ಕ್ರೀಡಾದರೆ 21 ದಿನ ಕಳೆದ ಮೇಲೆಯೇ ಮೊದಲ ಬಿಸಿ; ಜಿಪ್ಸಮ್ ಜಾತಿಯ ಅನ್‌ಹೈಡ್ರೈಟ್ ಸ್ಕ್ರೀಡಾದರೆ 7 ದಿನ. 25 ಡಿಗ್ರಿ ನೀರು ಮೂರು ದಿನ, ನಂತರ ವಿನ್ಯಾಸದ ಗರಿಷ್ಠ ಮಟ್ಟಕ್ಕೆ ಏರಿಸಿ ನಾಲ್ಕು ದಿನ. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತೆಂದು ಹಸಿ ಕಾಂಕ್ರೀಟನ್ನು ಬಿಸಿ ನೀರಿನಿಂದ ಒಣಗಿಸಲು ಹೋದರೆ ನೆಲ ಬಿರಿಯುತ್ತದೆ, ಅಂಚು ಮೇಲೇಳುತ್ತದೆ. ಅಡಿಕೆಯನ್ನು ಆತುರಕ್ಕೆ ಜೋರು ಉರಿಯಲ್ಲಿ ಒಣಗಿಸಿದರೆ ಏನಾಗುತ್ತದೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ.

ಮೊದಲ ಚಳಿಗಾಲದಲ್ಲಿ ಬರುವ ದೂರುಗಳಲ್ಲಿ ಹೆಚ್ಚಿನವು ಗಾಳಿಯವು. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ತರುವ ಮನೆಯವರಿಗೆ ಗಾಳಿ ಹಿಡಿಯುವುದೆಂದರೆ ಏನೆಂದು ಗೊತ್ತು: ಮೇಲೆ ನೀರಿದೆ, ಪೈಪು ಸರಿಯಿದೆ, ತೊಟ್ಟಿಗೆ ಹನಿಯೂ ಬೀಳುವುದಿಲ್ಲ. ನೆಲದೊಳಗಿನ ಸುತ್ತಿನಲ್ಲೂ ಅದೇ. ಮಾಮೂಲು ಓಟದಲ್ಲಿ ನೀರು ಸೆಕೆಂಡಿಗೆ 30 ಸೆಂಟಿಮೀಟರಿಗಿಂತ ಕಡಿಮೆ ವೇಗದಲ್ಲಿ ನಡೆಯುತ್ತದೆ, ಆ ನಡಿಗೆಗೆ ಗುಳ್ಳೆ ಕದಲುವುದಿಲ್ಲ. ಆದ್ದರಿಂದ ತುಂಬುವಾಗ ಎಲ್ಲ ಸುತ್ತು ಮುಚ್ಚಿ, ಒಂದನ್ನು ಮಾತ್ರ ತೆರೆದು, ನಲ್ಲಿಯ ಪೂರ್ತಿ ಒತ್ತಡದಲ್ಲಿ ಬಕೆಟ್ಟಿಗೆ ಬಿಡಬೇಕು. ಬುರುಬುರು ನಿಂತು ನೀರು ನುಣ್ಣಗೆ ಬಂದ ಮೇಲೆ ಅದನ್ನು ಮುಚ್ಚಿ ಮುಂದಿನದು. ಎಂಟು ಸುತ್ತನ್ನೂ ಒಟ್ಟಿಗೆ ತೆರೆದು ತುಂಬಿದರೆ ನೀರು ಸುಲಭದ ದಾರಿ ಹಿಡಿಯುತ್ತದೆ, ಉಳಿದವುಗಳಲ್ಲಿ ಗಾಳಿ ಕೂತಿರುತ್ತದೆ. ಇನ್ನೊಂದು ಮಾಮೂಲಿ ತಪ್ಪು ನಗು ಬರಿಸುವಂಥದ್ದು: ಮ್ಯಾನಿಫೋಲ್ಡಿನಲ್ಲಿ ಹೆಸರುಪಟ್ಟಿ ಅದಲುಬದಲು. ಅಡುಗೆಮನೆಯ ಥರ್ಮೊಸ್ಟಾಟ್ ಮಲಗುವ ಕೋಣೆಯ ವಾಲ್ವನ್ನು ತೆರೆಯುತ್ತಿರುತ್ತದೆ. ಒಂದು ಕೋಣೆ ಬೆಂದು, ಇನ್ನೊಂದು ನಡುಗುತ್ತಿದ್ದರೆ ಬಾಯ್ಲರಿಗೆ ಕೈ ಹಚ್ಚುವ ಮೊದಲು ಇದನ್ನು ನೋಡಿ.

ಬಳಸುವ ಕ್ರಮದಲ್ಲೂ ಒಂದು ತಿಳಿವಳಿಕೆ ಬೇಕು. ಮೇಲಿನ 24 ಚದರ ಮೀಟರ್ ಕೋಣೆಯ 65 ಮಿಲಿಮೀಟರ್ ಸ್ಕ್ರೀಡ್ ಮೂರು ಟನ್ ತೂಗುತ್ತದೆ. ಅದನ್ನು ಒಂದು ಡಿಗ್ರಿ ಏರಿಸಲು 0.87 ಯೂನಿಟ್ ಶಾಖ ಬೇಕು; 1.3 ಕಿಲೊವ್ಯಾಟ್ ಹರಿಯುವ ಕೋಣೆಯಲ್ಲಿ ಮೇಲಕ್ಕೆ ಏನೂ ಹೋಗದಿದ್ದರೂ ಅದಕ್ಕೆ ಮುಕ್ಕಾಲು ತಾಸಿನ ಹತ್ತಿರ. ಹೊರಗೆ ಹೋಗುವಾಗ ಆರಿಸಿ, ಬಂದು ಹಚ್ಚುವ ಅಭ್ಯಾಸ ಇಲ್ಲಿ ನಡೆಯದು. ಬೂದಿ ಮುಚ್ಚಿದ ಕೆಂಡದಂತೆ ಒಂದೇ ಹದದಲ್ಲಿ ಬಿಟ್ಟಿರಬೇಕು. ಹೊರಗಿನ ಚಳಿ ನೋಡಿ ನೀರಿನ ಬಿಸಿ ತಾನೇ ಬದಲಾಯಿಸುವ ಸೆನ್ಸರ್ ಹಾಕಿಸಿ: ಹೊರಗೆ ಸೊನ್ನೆಗಿಂತ 20 ಕೆಳಗಿದ್ದಾಗ 40 ಡಿಗ್ರಿ ನೀರು, 10 ಡಿಗ್ರಿ ಇದ್ದಾಗ 26, ನಡುವೆ ಓರೆ ಗೆರೆ. ಈ ಒಂದು ಸೆನ್ಸರು ಕೋಣೆಗೊಂದು ಥರ್ಮೊಸ್ಟಾಟ್ ಹಾಕಿಸುವುದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಕೋಣೆಗೊಂದು ಹಾಕಿದರೆ ತೊಂದರೆಯೂ ಇದೆ: ಚಿಕ್ಕ ಬಚ್ಚಲೊಂದೇ ಬಿಸಿ ಕೇಳಿದಾಗ, ಹೊರಗಿನ ಶಾಖವನ್ನು ಒಳಗೆ ತರುವ ಯಂತ್ರವಾದ ಹೀಟ್ ಪಂಪ್ ಎದ್ದು, ಎರಡು ನಿಮಿಷಕ್ಕೆ ನೀರು ಕಾದು, ನಿಂತು, ಮತ್ತೆ ಎದ್ದು ಕಂಪ್ರೆಸರ್ ಸವೆಯುತ್ತದೆ. ಎರಡು ಮೂರು ವಲಯ ಸಾಕು. ದಕ್ಷಿಣಕ್ಕೆ ದೊಡ್ಡ ಗಾಜು ಇರುವ ಕೋಣೆ ಮಾತ್ರ ಬೇರೆ ಇರಲಿ. ಬೆಳಗಿನ ಬಿಸಿಲು ಬಿದ್ದಾಗ ನೆಲ ತಕ್ಷಣ ತಣಿಯಲಾರದು, ಸೆಖೆಯಾಗುತ್ತದೆ.

ಶಾಖದ ಮೂಲವಾಗಿ ಹೀಟ್ ಪಂಪ್ ಇದಕ್ಕೆ ಹೇಳಿ ಮಾಡಿಸಿದ ಜೋಡಿ. ಹೊರಗೆ 7 ಡಿಗ್ರಿ ಇರುವಾಗ 35 ಡಿಗ್ರಿ ನೀರು ಕೊಡಲು ಒಳ್ಳೆಯ ಯಂತ್ರ ಒಂದು ಯೂನಿಟ್ ಕರೆಂಟಿಗೆ ನಾಲ್ಕು ಯೂನಿಟ್ ಶಾಖ ತರುತ್ತದೆ. ಅದೇ ಯಂತ್ರವನ್ನು 55 ಡಿಗ್ರಿ ಕೇಳಿದರೆ ಇಳುವರಿ ಜರ್ರನೆ ಇಳಿಯುತ್ತದೆ. ಗ್ಯಾಸ್ ಬಾಯ್ಲರ್ ಇದ್ದರೆ ನಡುವೆ ಮಿಶ್ರಣದ ವಾಲ್ವ್ ಮತ್ತು ನೀರು ಮಿತಿ ಮೀರಿ ಕಾದರೆ ಪಂಪು ನಿಲ್ಲಿಸುವ ಸ್ವಿಚ್ ಕಡ್ಡಾಯ. ನೆಲಹಾಸಿಗೆ ಟೈಲ್ಸ್ ಅಥವಾ ಕಲ್ಲು ಉತ್ತಮ. ಮರವಾದರೆ ಪದರ ಜೋಡಿಸಿದ ಎಂಜಿನಿಯರ್ಡ್ ಹಲಗೆ, ಮೇಲ್ಮೈ 27 ಡಿಗ್ರಿ ದಾಟದಂತೆ. ಊರಿಂದ ಹೊತ್ತೊಯ್ದ ದಪ್ಪ ಜಮಖಾನೆಯನ್ನು ಕೋಣೆ ತುಂಬ ಹಾಸಿದರೆ ಶಾಖಕ್ಕೇ ಕಂಬಳಿ ಹೊದೆಸಿದ ಹಾಗೆ.

"ನೆಲದೊಳಗೆ ಪೈಪು ಒಡೆದರೆ?" ಎಂಬ ಅಪ್ಪಯ್ಯನ ಭಯಕ್ಕೆ ಇತಿಹಾಸವಿದೆ. ನ್ಯೂಯಾರ್ಕ್ ಹತ್ತಿರದ ಲೆವಿಟೌನ್‌ನಲ್ಲಿ 1947ರಿಂದ ಸಾಲುಸಾಲಾಗಿ ಕಟ್ಟಿದ ಮನೆಗಳಲ್ಲಿ ತಾಮ್ರದ ಕೊಳವೆಯನ್ನು ನೆಲದ ಕಾಂಕ್ರೀಟಿನಲ್ಲಿ ಹೂತಿದ್ದರು. ದಶಕಗಳ ಮೇಲೆ ಅವು ತೂತಾಗಿ, ಎಷ್ಟೋ ಮನೆಯವರು ನೆಲವನ್ನು ಬಿಟ್ಟು ಗೋಡೆಬದಿಯ ಹೀಟರಿಗೆ ಹೋದರು. ಕಾರವಾರದಲ್ಲಿ ಗೋಡೆಯೊಳಗಿನ ಜಿಐ ಪೈಪು ತುಕ್ಕು ತಿಂದದ್ದನ್ನು ಕಂಡವರು ಹೆದರುವುದು ಸಹಜ. ಪೆಕ್ಸ್‌ಗೆ ತುಕ್ಕಿಲ್ಲ, ಜೋಡಣೆ ನೆಲದೊಳಗಿಲ್ಲ, ವಿನ್ಯಾಸದ ಆಯುಷ್ಯ 50 ವರ್ಷ. ಇಂದು ಅದನ್ನು ತೂತು ಮಾಡುವುದು ಡ್ರಿಲ್ಲು ಮತ್ತು ಮೊಳೆ.

ಕರೆಂಟಿನ ಮ್ಯಾಟ್ ಬೇರೆಯೇ ಸರಕು. ಚದರ ಮೀಟರಿಗೆ 100ರಿಂದ 150 ವ್ಯಾಟ್, ದಪ್ಪ ಮೂರ್ನಾಲ್ಕು ಮಿಲಿಮೀಟರ್, ಟೈಲ್ಸ್ ಕೆಳಗಿನ ಅಂಟಿನಲ್ಲೇ ಕೂರುತ್ತದೆ. ಬಚ್ಚಲಿಗೆ ಚೆನ್ನ. ಇಡೀ ಮನೆಗೆ ಬೇಡ. ಒಂದು ಯೂನಿಟ್ಟಿಗೆ ಒಂದೇ ಯೂನಿಟ್ ಶಾಖ. ಮಲ್ಟಿಮೀಟರಿನಲ್ಲಿ ಅದರ ರೋಧವನ್ನು ಮೂರು ಸಲ ಅಳೆಯಬೇಕು: ಪೆಟ್ಟಿಗೆಯಿಂದ ತೆಗೆದಾಗ, ಹಾಸಿದ ಮೇಲೆ, ಟೈಲ್ಸ್ ಕೂರಿಸಿದ ಮೇಲೆ. ಮೂರೂ ಪೆಟ್ಟಿಗೆಯ ಚೀಟಿಗೆ ಹೊಂದಬೇಕು. ತಂತಿಯನ್ನು ಕತ್ತರಿಸಬಾರದು, ಒಂದರ ಮೇಲೊಂದು ಹಾಯಿಸಬಾರದು, ಕಮೋಡ್ ಅಥವಾ ಬೀರುವಿನ ಕೆಳಗೆ ಒಯ್ಯಬಾರದು; ಅಲ್ಲಿ ಶಾಖ ಸಿಕ್ಕಿಕೊಂಡು ಸುಡುತ್ತದೆ. ನೆಲದ ಸೆನ್ಸರನ್ನು ಕೊಳವೆಯೊಳಗೆ, ಎರಡು ತಂತಿಗಳ ನಟ್ಟನಡುವೆ ಇಡಿಸಿ. ಕೆಟ್ಟರೆ ಎಳೆದು ಬದಲಾಯಿಸಬಹುದು.

ಇನ್ನು ನಮ್ಮೂರು. ಶಿರಸಿಯಲ್ಲಿ ಡಿಸೆಂಬರ್-ಜನವರಿಯ ಬೆಳಗಿನ ಜಾವ ನೆಲ ಕಾಲಿಗೆ ಚುಚ್ಚುವುದು ನಿಜ. ಆದರೆ ಒಂಬತ್ತು ಗಂಟೆಗೆ ಬಿಸಿಲು ಬಂದಿರುತ್ತದೆ. ಮೂರು ಟನ್ ಕಾಂಕ್ರೀಟನ್ನು ರಾತ್ರಿಯಿಡೀ ಕಾಯಿಸಿ, ಅದು ಹದಕ್ಕೆ ಬರುವಷ್ಟರಲ್ಲಿ ಕಿಟಕಿ ತೆರೆಯುವ ಹೊತ್ತಾಗಿರುತ್ತದೆ. ನಿಧಾನವೇ ಗುಣವಾದ ಯಂತ್ರಕ್ಕೆ ನಮ್ಮ ಚಳಿ ತೀರಾ ಗಿಡ್ಡ. ಕಾರವಾರ, ಅಂಕೋಲಾ, ಹೊನ್ನಾವರದ ಕರಾವಳಿಗಂತೂ ಮಾತೇ ಇಲ್ಲ.

ನಮ್ಮ ನೆಲದ ನಿಜವಾದ ಕಾಟ ಮಳೆಗಾಲದ ಬೆವರು. ಜೂನಿನಲ್ಲಿ ತೇವ ತುಂಬಿದ ಬೆಚ್ಚಗಿನ ಗಾಳಿ ಒಳಗೆ ಬಂದು, ಅದಕ್ಕಿಂತ ತಣ್ಣಗಿನ ವಿಟ್ರಿಫೈಡ್ ಟೈಲ್ಸ್ ಮೇಲೆ ನೀರಾಗುತ್ತದೆ. ಸಗಣಿ ಸಾರಿಸಿದ ನೆಲ ಅದನ್ನು ಹೀರಿಕೊಳ್ಳುತ್ತಿತ್ತು, ಟೈಲ್ಸ್ ಹೀರುವುದಿಲ್ಲ, ಜಾರುತ್ತದೆ. ನೆಲವನ್ನು ಎರಡು ಡಿಗ್ರಿ ಬಿಸಿ ಮಾಡಿದರೆ ಬೆವರು ನಿಲ್ಲುತ್ತದೆ ಎಂಬುದು ಸರಿಯೇ, ಅದಕ್ಕೆ ಪೈಪು, ಪಂಪು ಬೇಡ. ಹೊಸ ಮನೆಗೆ ಜಗಲಿಯ ಮಟ್ಟ ಎತ್ತರಿಸಿ, ಚಿರೇಕಲ್ಲಿನ ಅಡಿಪಾಯದ ಮೇಲೆ ತೇವ ಏರದ ಪದರ ಹಾಕಿ, ನೆಲದ ಕಾಂಕ್ರೀಟಿನ ಕೆಳಗೆ 250 ಮೈಕ್ರಾನ್ ಪಾಲಿಥೀನ್, ಅದರ ಮೇಲೆ 25 ಮಿಲಿಮೀಟರ್ ಎಕ್ಸ್‌ಪಿಎಸ್ ಹಲಗೆ ಹಾಕಿಸಿ. ಹಲಗೆಯಿಂದಾಗಿ ನೆಲ ಮಣ್ಣಿನ ತಂಪಿಗೆ ಅಂಟಿಕೊಳ್ಳದೆ ಮನೆಯ ಗಾಳಿಯ ಹದಕ್ಕೇ ಬರುತ್ತದೆ. ಬೇಸಿಗೆಯಲ್ಲಿ ನೆಲದ ತಂಪು ಸ್ವಲ್ಪ ಕಡಿಮೆಯಾಗುತ್ತದೆ. ಮಧ್ಯಾಹ್ನ ಬರಿನೆಲದ ಮೇಲೆ ಮಲಗುವವರಿರುವ ಕರಾವಳಿಯ ಮನೆಯಲ್ಲಿ ಹಲಗೆ ಬಿಟ್ಟು ಹಾಳೆಯಷ್ಟೇ ಹಾಕಿ, ಟೈಲ್ಸ್ ಬದಲು ಹೊಳಪಿಲ್ಲದ ಮಣ್ಣಿನ ಹಂಚು ಹಾಸಿದರೆ ವಾಸಿ.

ವಯಸ್ಸಾದವರ ಬಚ್ಚಲಿಗೆ ಬೇಕೇ ಬೇಕೆಂದರೆ ಎರಡು ಚದರ ಮೀಟರಿನ ಕರೆಂಟ್ ಮ್ಯಾಟ್ ಸಾಕು: 300 ವ್ಯಾಟ್, ಬೆಳಿಗ್ಗೆ ಒಂದೂವರೆ ತಾಸು ಹಚ್ಚಿದರೆ ಅರ್ಧ ಯೂನಿಟ್ಟಿಗೂ ಕಡಿಮೆ. ಕರೆಂಟು ಸೋರಿದೊಡನೆ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಅದನ್ನು ಜೋಡಿಸಬಾರದು. ಅರ್ಥಿಂಗ್ ಗುಂಡಿಯ ನೆಲ ಬೇಸಿಗೆಯಲ್ಲಿ ಒಣಗಿದರೆ ರೋಧ ಏರುತ್ತದೆ, ಅದನ್ನೂ ಅಳೆಸಿ. ಇನ್ವರ್ಟರಿನ ಲೈನಿಗೆ ಕೊಡಬೇಡಿ. ಮಳೆಗಾಲದಲ್ಲಿ ಹೆಸ್ಕಾಂ ಕರೆಂಟು ಹೋದ ದಿನ ಬಚ್ಚಲ ಹಂಡೆಯ ಒಲೆ ಹೇಗೂ ಉರಿಯುತ್ತಿರುತ್ತದೆ.